ಚೀಸ್ ಅಡವಿಟ್ಟರೆ ಸಾಲ!

ಇಟಲಿ ಎಂದರೆ ಮಕ್ಕಳಿಗೆ ನೆನಪಾಗುವುದು ಪಿಜ್ಜಾ. ಊಟಪ್ರಿಯನಾದ ನಾನು ನಿವೃತ್ತಿಯ ನಂತರ ಉತ್ತರ ಇಟಲಿಯ ಬೊಲೊನ್ಯಾದಲ್ಲಿ ಕೆಲವು ದಿನ ತಂಗಿ ಅಲ್ಲಿನ ಅಡುಗೆ ಕಲಿತೆ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ಇಷ್ಟೇ ಅಲ್ಲಿಯ ಪಾಸ್ತಾದ ಲೆಕ್ಕ. ಚೆನ್ನಾಗಿ ನಾದಿ, ಅರ್ಧ ಗಂಟೆ ಮುಚ್ಚಿಟ್ಟು, ಉದ್ದನೆಯ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ ಪಟ್ಟಿಗಳಾಗಿ ಕತ್ತರಿಸಬೇಕು. ಅದರ ಮೇಲೆ ತುರಿದು ಉದುರಿಸುವುದೇ ಪಾರ್ಮೆಸಾನ್ ಚೀಸ್.

ಈ ಚೀಸ್ ಮಾಡುವುದನ್ನು ನೋಡಲು ಬೆಳಿಗ್ಗೆಯೇ ಒಂದು ಡೇರಿಗೆ ಹೋಗಿದ್ದೆವು. ಹಿಂದಿನ ಸಂಜೆಯ ಹಾಲಿನ ಕೆನೆ ತೆಗೆದು, ಅದಕ್ಕೆ ಬೆಳಗಿನ ಹಾಲು ಬೆರೆಸಿ, ದೊಡ್ಡ ತಾಮ್ರದ ಹಂಡೆಗಳಿಗೆ ತುಂಬುತ್ತಾರೆ. ಅದಕ್ಕೆ ಹಿಂದಿನ ದಿನದ ಹಾಲೊಡಕಿನ ನೀರು ಸೇರಿಸುತ್ತಾರೆ. ನಾವು ನಿನ್ನೆಯ ಮೊಸರನ್ನು ಹೆಪ್ಪು ಹಾಕುವಂತೆಯೇ! ಸುಮಾರು 550 ಲೀಟರ್ ಹಾಲಿಗೆ ಸಿಗುವುದು ಒಂದೇ ಚಕ್ರ, ತೂಕ ಸುಮಾರು 40 ಕಿಲೋ. ಅದನ್ನು ಉಪ್ಪುನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಮರದ ಅಟ್ಟದಲ್ಲಿ ಕಡಿಮೆಯೆಂದರೂ 12 ತಿಂಗಳು ಮಾಗಿಸುತ್ತಾರೆ. ಕೊನೆಗೆ ಪರೀಕ್ಷಕ ಪುಟ್ಟ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾನೆ. ಒಳಗೆ ಬಿರುಕಿದ್ದರೆ ಸದ್ದೇ ಹೇಳಿಬಿಡುತ್ತದೆ.

ಗುಮಾಸ್ತನಾಗಿದ್ದ ನನ್ನ ತಲೆಯಲ್ಲಿ ಎದ್ದದ್ದು ಬೇರೆ ಪ್ರಶ್ನೆ. ಹಾಲಿನ ದುಡ್ಡು ಇವತ್ತೇ ಕೊಡಬೇಕು, ಚೀಸ್ ಮಾರಾಟವಾಗುವುದು ವರ್ಷವೋ ಎರಡು ವರ್ಷವೋ ಕಳೆದು. ಅಲ್ಲಿಯವರೆಗೆ ಸಣ್ಣ ಡೇರಿಯವನು ಬದುಕುವುದು ಹೇಗೆ?

ಉತ್ತರ ಕೇಳಿ ಬೆರಗಾದೆ. ರೆಜ್ಜೊ ಎಮಿಲಿಯಾ ನಗರದ ಕ್ರೆದಿತೊ ಎಮಿಲಿಯಾನೊ ಬ್ಯಾಂಕು 1953ರಿಂದಲೂ ಚೀಸ್ ಚಕ್ರಗಳನ್ನು ಅಡವಿಟ್ಟುಕೊಂಡು ಸಾಲ ಕೊಡುತ್ತಿದೆ. ಚಕ್ರಗಳು ಬ್ಯಾಂಕಿನದೇ ಗೋದಾಮಿನಲ್ಲಿ ಮಾಗುತ್ತವೆ. ಪ್ರತಿಯೊಂದರ ಮೇಲೂ ಗುರುತಿನ ಸಂಖ್ಯೆ ಇರುತ್ತದೆ. ಚೀಸ್ ಮಾರಿದಾಗ ಸಾಲ ತೀರುತ್ತದೆ, ತೀರದಿದ್ದರೆ ಬ್ಯಾಂಕೇ ಮಾರಿಕೊಳ್ಳುತ್ತದೆ. ನಮ್ಮಲ್ಲಿಯೂ ಒಡವೆ, ಅಡಿಕೆ ಅಡವಿಡುತ್ತಾರಲ್ಲ, ಹಾಗೆಯೇ. ಒಂದೇ ವ್ಯತ್ಯಾಸ: ನಮ್ಮ ಲಾಕರಿನ ಚಿನ್ನವನ್ನು ಮುಟ್ಟುವಂತಿಲ್ಲ, ಅಲ್ಲಿನ ಚೀಸನ್ನು ಆಗಾಗ ಒರೆಸಿ, ತಿರುವಿ ಹಾಕಲೇಬೇಕು. ಅಡವಿನಲ್ಲಿರುವಾಗಲೇ ಅದರ ರುಚಿಯೂ ಬೆಲೆಯೂ ಬೆಳೆಯುತ್ತವೆ. ಅವಸರಕ್ಕೆ ಎಳೆಯ ಚೀಸನ್ನು ಕಡಿಮೆ ಬೆಲೆಗೆ ಮಾರುವ ಸಂಕಟ ಡೇರಿಯವನಿಗೆ ತಪ್ಪುತ್ತದೆ.

ಸಸ್ಯಾಹಾರಿ ಓದುಗರಿಗೆ ಒಂದು ಮಾತು. ಅಸಲಿ ಪಾರ್ಮೆಸಾನಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ‘ರೆನೆಟ್’ ಬಳಸುತ್ತಾರೆ. ಇದು ಗೊತ್ತಿದ್ದೇ ನನ್ನ ಹೆಂಡತಿ ಅದನ್ನು ಮುಟ್ಟಲಿಲ್ಲ. ಅವಳಿಗೆ ಟೊಮೆಟೊ, ಆಲಿವ್ ಎಣ್ಣೆ, ಬೇಸಿಲ್ ಎಲೆ ಹಾಕಿದ ಸ್ಪಗೆಟಿ ಬಲು ಇಷ್ಟವಾಯಿತು. ಬೇಸಿಲ್ ಎಂದರೆ ಬೇರೇನಲ್ಲ, ನಮ್ಮ ಕಾಮಕಸ್ತೂರಿಯೇ!

ಗಟ್ಟಿಯಾದ ಚೀಸ್ ಸಿಪ್ಪೆಯನ್ನೂ ಅಲ್ಲಿನವರು ಎಸೆಯುವುದಿಲ್ಲ, ತರಕಾರಿ ಸಾರಿನಲ್ಲಿ ಕುದಿಸುತ್ತಾರೆ. ಅಷ್ಟು ದಿನ ಕಾದು ಮಾಡಿದ್ದನ್ನು ಎಸೆಯಲು ಯಾರಿಗೆ ಮನಸ್ಸು ಬಂದೀತು, ಹೇಳಿ?