ಎಂಜಿನ್ ಸದ್ದು ಜೋರು, ದೋಣಿ ಮಾತ್ರ ನಿಧಾನ: ಶಕ್ತಿ ಸೋರ್ತಿರೋದು ಎಲ್ಲಿ?

ಬಿಳಿಗೆರೆ: 2019ರ ಆಗಸ್ಟ್ ತಿಂಗಳನ್ನು ನಮ್ಮ ಭಾಗದ ಜನ ಮರೆತಿಲ್ಲ. ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಬಿಟ್ಟ ನೀರಿಗೆ ಕಪಿಲೆ ಉಕ್ಕಿ, ಮಲ್ಲನಮೂಲೆ ಹತ್ತಿರ ಮೈಸೂರು–ನಂಜನಗೂಡು ರಸ್ತೆಯೇ ಮುಳುಗಿತ್ತು. ಅಂಥ ಸೆಳವಿನಲ್ಲಿ ತೆಪ್ಪ ನಡೆಯಲ್ಲ, ಮೋಟಾರ್ ದೋಣಿಯೇ ಬೇಕು. ಆ ಹೊತ್ತಲ್ಲಿ ಎಂಜಿನ್ ಕಿರುಚಿಕೊಂಡು ದೋಣಿ ಮಾತ್ರ ಮುಂದಕ್ಕೆ ಹೋಗದಿದ್ದರೆ?

ದೋಣಿಯವರು ಇದನ್ನೇ ‘ಸ್ಲಿಪ್’ ಅನ್ನೋದು. ಎರಡು ಎಂಜಿನ್ ಇರುವ ದೊಡ್ಡ ದೋಣಿಯಲ್ಲಿ ಒಂದು ಬದಿ ಸ್ಲಿಪ್ ಆದರೆ ದೋಣಿ ಆ ಬದಿಗೇ ಎಳೆಯುತ್ತೆ. ನಿಂತ ನೀರಿನಲ್ಲಿ ಇದು ಬರೀ ಕಿರಿಕಿರಿ. ಸೆಳವಿನಲ್ಲಾದರೆ ಸೇತುವೆಯ ಕಂಬಕ್ಕೆ ಹೊಡೆಯಲು ಇಷ್ಟೇ ಸಾಕು. ಹಾಗಂತ ಕೂಡಲೇ ಗೇರ್ ಬಾಕ್ಸ್ ಬಿಚ್ಚಿಸಿ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಹೊರಗಿನಿಂದ ಒಳಕ್ಕೆ, ಕ್ರಮವಾಗಿ ನೋಡುತ್ತಾ ಹೋದರೆ ತಪ್ಪು ತಾನಾಗೇ ಸಿಗುತ್ತೆ.

ಸ್ಲಿಪ್ ಎರಡು ಥರ

ಮೊದಲನೆಯದು ನೀರಿನಲ್ಲಿ ಆಗೋದು. ಪ್ರೊಪೆಲ್ಲರ್ ತಿರುಗುತ್ತಿದೆ, ಆದರೆ ನೀರನ್ನು ಹಿಡಿಯುತ್ತಿಲ್ಲ. ಫುಟ್‌ವಾಲ್ವ್ ಗಾಳಿ ಎಳೆದಾಗ ಪಂಪ್‌ಸೆಟ್ ಬರೀ ಸದ್ದು ಮಾಡುತ್ತಲ್ಲ, ಹಾಗೆ.

ಎರಡನೆಯದು ಒಳಗೆ ಆಗೋದು. ಎಂಜಿನ್ ತಿರುಗುತ್ತಿದೆ, ಆ ಶಕ್ತಿ ಪ್ರೊಪೆಲ್ಲರ್‌ವರೆಗೆ ಪೂರ್ತಿ ತಲುಪುತ್ತಿಲ್ಲ. ರೈಸ್ ಮಿಲ್ಲಿನಲ್ಲಿ ಬೆಲ್ಟ್ ಜಾರಿದ ಹಾಗೆ.

ಎರಡರಲ್ಲೂ ಆರ್‌ಪಿಎಂ ಏರುತ್ತೆ, ವೇಗ ಏರಲ್ಲ. ಆರ್‌ಪಿಎಂ ಕೂಡ ಏರದಿದ್ದರೆ ಅದು ಸ್ಲಿಪ್ ಅಲ್ಲ. ಎಂಜಿನ್ ಸೊರಗಿದೆ, ಇಲ್ಲವೇ ದೋಣಿಗೆ ಭಾರ ಜಾಸ್ತಿಯಾಗಿದೆ ಎಂದರ್ಥ.

ಲೆಕ್ಕ ಹಾಕಿ ನೋಡಿ

ಪ್ರೊಪೆಲ್ಲರ್ ಮೇಲೆ ‘ಪಿಚ್’ ಎಷ್ಟು ಇಂಚು ಅಂತ ಸಾಮಾನ್ಯವಾಗಿ ಕೆತ್ತಿರುತ್ತಾರೆ. ಒಂದು ಸುತ್ತಿಗೆ ಅದು ಮುಂದೆ ಹೋಗಬೇಕಾದ ದೂರ ಅದು. ಪಿಚ್ 15 ಇಂಚು, ಎಂಜಿನ್ 5000 ಆರ್‌ಪಿಎಂ, ಗೇರ್ ಅನುಪಾತ 2:1 ಎಂದುಕೊಳ್ಳಿ. ಆಗ ಪ್ರೊಪೆಲ್ಲರ್ ನಿಮಿಷಕ್ಕೆ 2500 ಸುತ್ತು ತಿರುಗುತ್ತೆ. ಜಾರಾಟವೇ ಇಲ್ಲದಿದ್ದರೆ ವೇಗ ಗಂಟೆಗೆ ಸುಮಾರು 57 ಕಿ.ಮೀ. ಇರಬೇಕು. ಮೊಬೈಲ್ ಜಿಪಿಎಸ್‌ನಲ್ಲಿ 49 ತೋರಿಸಿದರೆ ಸ್ಲಿಪ್ ಸುಮಾರು ಶೇ 14.

ಗಾಬರಿ ಬೇಡ. ಹಗುರವಾಗಿ ಓಡುವ ದೋಣಿಗೆ ಶೇ 10ರಿಂದ 20ರಷ್ಟು ಸ್ಲಿಪ್ ಸಹಜ. ಭಾರದ ದೋಣಿಗೆ ಇನ್ನೂ ಜಾಸ್ತಿ ಇರುತ್ತೆ. ಅದೇ ದೋಣಿ, ಅಷ್ಟೇ ಭಾರ ಇದ್ದೂ ಮೊದಲು 14 ಇದ್ದದ್ದು ಈಗ 35 ಆಗಿದ್ದರೆ ಮಾತ್ರ ಎಚ್ಚರಾಗಬೇಕು. ಹೊಳೆಯಲ್ಲಿ ಅಳೆಯುವಾಗ ಸೆಳವಿನ ಜೊತೆ ಒಂದು ಸಲ, ಎದುರು ಒಂದು ಸಲ ಓಡಿಸಿ, ಎರಡರ ಸರಾಸರಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಕಪಿಲೆಯ ವೇಗವೂ ಲೆಕ್ಕಕ್ಕೆ ಸೇರಿಬಿಡುತ್ತೆ.

ಮೊದಲು ಕಣ್ಣಿಂದ ನೋಡಿ

ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಎಂಜಿನ್ ಮೇಲೆತ್ತಿ ನೋಡಿ. ನಮ್ಮ ಹೊಳೆಯಲ್ಲಿ ಅಂತರಗಂಗೆ, ಮೀನಿನ ಬಲೆಯ ದಾರ, ಪ್ಲಾಸ್ಟಿಕ್ ಚೀಲ ಎಲ್ಲವೂ ಇವೆ. ನಂಜನಗೂಡಿನ ಸ್ನಾನಘಟ್ಟದ ಕಡೆಯಾದರೆ ಭಕ್ತರು ಬಿಟ್ಟು ಹೋದ ಬಟ್ಟೆ ಬೇರೆ. ಒಂದು ಪಂಚೆ ಸುತ್ತಿಕೊಂಡರೂ ಸಾಕು, ಪ್ರೊಪೆಲ್ಲರ್ ನೀರು ಹಿಡಿಯಲ್ಲ. ನೈಲಾನ್ ದಾರ ಶಾಫ್ಟಿಗೆ ಸುತ್ತಿಕೊಂಡರೆ ಆಯಿಲ್ ಸೀಲನ್ನೇ ಕತ್ತರಿಸುತ್ತೆ. ಹಾಗಾಗಿ ಪ್ರೊಪೆಲ್ಲರ್ ಬಿಚ್ಚಿ ಅದರ ಹಿಂದೆಯೂ ನೋಡಬೇಕು. ರೆಕ್ಕೆಯ ಅಂಚು ಮುರಿದಿದೆಯಾ, ಬಾಗಿದೆಯಾ ಅಂತಲೂ ಪರೀಕ್ಷಿಸಿ.

ತಿರುವಿನಲ್ಲಿ ಮಾತ್ರ ಆಗುತ್ತಾ?

ನೇರ ಓಡುವಾಗ ಸರಿ ಇದ್ದು, ಜೋರಾಗಿ ತಿರುಗಿಸಿದಾಗ ಹೊರಬದಿಯ ಎಂಜಿನ್ ಕಿರುಚಿದರೆ ಪ್ರೊಪೆಲ್ಲರ್ ಮೇಲಿನ ಗಾಳಿ ಎಳೆಯುತ್ತಿದೆ ಎಂದು ತಿಳಿಯಿರಿ. ತಿರುವಿನಲ್ಲಿ ದೋಣಿ ಒಳಕ್ಕೆ ವಾಲುತ್ತೆ, ಹೊರಬದಿ ಮೇಲೇಳುತ್ತೆ. ಎಂಜಿನ್ ಎತ್ತರದಲ್ಲಿ ಕೂತಿದ್ದರೆ, ಅಥವಾ ಟ್ರಿಮ್ ಹೆಚ್ಚು ಹೊರಕ್ಕೆ ಇದ್ದರೆ ಹೀಗಾಗುತ್ತೆ. ಟ್ರಿಮ್ ಒಳಕ್ಕೆ ತಂದು, ಎಂಜಿನ್ ಸ್ವಲ್ಪ ಕೆಳಗಿಳಿಸಿ ನೋಡಿ. ಇದಕ್ಕೆ ಹೊಸ ಸಾಮಾನು ಬೇಕಿಲ್ಲ.

ಒಂದು ಗೆರೆಯ ಪರೀಕ್ಷೆ

ಬಹಳಷ್ಟು ಪ್ರೊಪೆಲ್ಲರ್‌ಗಳ ನಡುವೆ ರಬ್ಬರ್ ಬುಷ್ ಇರುತ್ತೆ. ರೆಕ್ಕೆ ಬಂಡೆಗೆ ಬಡಿದಾಗ ಅದು ಜಾರಿ ಗೇರ್ ಉಳಿಸುತ್ತೆ. ಒಮ್ಮೆ ಸಡಿಲವಾದರೆ ನಿಧಾನಕ್ಕೆ ಓಡುವಾಗ ಹಿಡಿದುಕೊಂಡು, ಥ್ರಾಟಲ್ ಏರಿಸಿದ ಕೂಡಲೇ ಜಾರುತ್ತೆ.

ಇದನ್ನು ಹಿಡಿಯಲು ಪೇಂಟ್ ಸಾಕು. ಶಾಫ್ಟ್ ಕೂರುವ ಒಳಗಿನ ಲೋಹದ ಕೊಳವೆಯಿಂದ ಹೊರಗಿನ ಪ್ರೊಪೆಲ್ಲರ್‌ವರೆಗೆ ನೇರವಾಗಿ ಒಂದು ಗೆರೆ ಎಳೆಯಿರಿ. ಒಣಗಿದ ಮೇಲೆ ದೋಣಿಯನ್ನು ಜೋರಾಗಿ ಓಡಿಸಿ ಬಂದು ನೋಡಿ. ಗೆರೆ ತುಂಡಾಗಿ ಎರಡೂ ಭಾಗ ಬೇರೆ ಬೇರೆ ಕಡೆ ಇದ್ದರೆ ಬುಷ್ ಹೋಗಿದೆ. ನಿಧಾನವಾಗಿ ದಡ ಸೇರಬಹುದು, ಆದರೆ ಜನರನ್ನು ಕೂರಿಸಿಕೊಂಡು ಹೋಗಬಾರದು.

ಇನ್ನೊಂದು ಎಂಜಿನ್ನೇ ತಕ್ಕಡಿ

ಎರಡು ಎಂಜಿನ್ ಇರೋದರ ದೊಡ್ಡ ಲಾಭ ಇದು. ಎರಡೂ ಪ್ರೊಪೆಲ್ಲರ್ ಒಂದೇ ಅಳತೆ, ಒಂದೇ ದಿಕ್ಕಿಗೆ ತಿರುಗುವಂಥವು ಆಗಿದ್ದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಓಡಿಸಿ. ತೊಂದರೆ ಪ್ರೊಪೆಲ್ಲರ್ ಜೊತೆ ಆಚೆ ಬದಿಗೆ ಹೋದರೆ ತಪ್ಪು ಪ್ರೊಪೆಲ್ಲರಿನದು. ಅದೇ ಬದಿಯಲ್ಲಿ ಉಳಿದರೆ ಒಳಗಿನದು. ಕೆಲವು ದೋಣಿಗಳಲ್ಲಿ ಎರಡೂ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಅವನ್ನು ಅದಲು ಬದಲು ಮಾಡುವಂತಿಲ್ಲ, ಆ ಬದಿಗೆ ಸರಿಹೊಂದುವ ಹೆಚ್ಚುವರಿ ಪ್ರೊಪೆಲ್ಲರ್ ಹಾಕಿ ನೋಡಬೇಕು.

ಗೇರ್ ಬಾಕ್ಸ್ ಕೊನೆಗೆ

ಹೊರಗೆ ಕಟ್ಟುವ ಎಂಜಿನ್‌ಗಳಲ್ಲಿ ಟ್ರ್ಯಾಕ್ಟರ್ ಥರ ಕ್ಲಚ್ ಪ್ಲೇಟ್ ಇರಲ್ಲ, ಹಲ್ಲು ಕಚ್ಚುವ ಕ್ಲಚ್ ಇರುತ್ತೆ. ಅದು ಸವೆದರೆ ಮೆತ್ತಗೆ ಜಾರಲ್ಲ, ‘ಟಕ್ ಟಕ್’ ಅಂತ ಗೇರಿನಿಂದ ಹಾರುತ್ತೆ. ಗೇರ್ ಕೇಬಲ್ ಪೂರ್ತಿ ಎಳೆಯುತ್ತಿದೆಯಾ ನೋಡಿ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ. ಲೋಹದ ಚೂರು ಕಂಡರೆ ಓಡಿಸೋದು ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ದೋಣಿಯೊಳಗೇ ಎಂಜಿನ್ ಇರುವ ದೊಡ್ಡ ದೋಣಿಗಳಲ್ಲಿ ಮಾತ್ರ ಆಯಿಲ್ ಒತ್ತಡದ ಕ್ಲಚ್ ಪ್ಲೇಟ್ ಇರೋದುಂಟು. ಅಲ್ಲಿ ಮೊದಲು ಗೇರ್ ಆಯಿಲ್ ಮಟ್ಟ, ಒತ್ತಡ ನೋಡಬೇಕು.

ಪರೀಕ್ಷೆ ಯಾವಾಗ?

ಹೊಳೆ ತುಂಬಿದಾಗ ಅಲ್ಲ. ಮುಂಗಾರಿಗೆ ಮೊದಲೇ, ನಿಂತ ನೀರಿನಲ್ಲಿ, ಪ್ರಯಾಣಿಕರಿಲ್ಲದೆ, ಲೈಫ್ ಜಾಕೆಟ್ ಹಾಕಿಕೊಂಡು ಮಾಡಿ. ಆ ದಿನದ ಆರ್‌ಪಿಎಂ, ವೇಗ, ಸ್ಲಿಪ್ ಮೂರನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಅದರ ಜೊತೆ ಹೋಲಿಸಿದರೆ ಸಾಕು, ಎಲ್ಲಿ ಏನು ಸೋರುತ್ತಿದೆ ಅಂತ ನೀರೇರುವ ಮೊದಲೇ ಗೊತ್ತಾಗುತ್ತೆ.

ದೋಣಿ ಇಲ್ಲದ ನಾವೂ ಒಂದು ಕೆಲಸ ಮಾಡಬಹುದು. ಸ್ನಾನಘಟ್ಟದಲ್ಲಿ ಬಟ್ಟೆ, ಪ್ಲಾಸ್ಟಿಕ್ ಚೀಲ ಹೊಳೆಗೆ ಬಿಡೋದು ಬೇಡ. ನಾಳೆ ನಮ್ಮನ್ನೇ ಕರೆದೊಯ್ಯಲು ಬರುವ ದೋಣಿಯ ಪ್ರೊಪೆಲ್ಲರ್‌ಗೆ ಅದು ಸುತ್ತಿಕೊಳ್ಳಬಹುದು.