ಮನೆಯಲ್ಲಿಯೇ ಉದ್ಯೋಗ: ಕೈ ಹಾಕುವ ಮುನ್ನ ಒಂದು ಲೆಕ್ಕ

ಪರಸ್ಥಳದಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಒಂದು ವಿಚಾರವು ಮತ್ತೆ ಮತ್ತೆ ತಲೆಯೆತ್ತುತ್ತದೆ. ತಿಂಗಳ ಸಂಬಳವು ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಊರಿಗೆ ಕಳುಹಿಸುವ ಹಣ ಇವುಗಳಲ್ಲಿಯೇ ಕರಗಿಹೋಗುತ್ತದೆ. ಮನೆಯಾಕೆಗಾದರೋ ಹಪ್ಪಳ, ಸಂಡಿಗೆ, ಚಕ್ಕುಲಿ, ಉಪ್ಪಿನಕಾಯಿ, ಸಾರಿನ ಪುಡಿಗಳ ಹದ ಚೆನ್ನಾಗಿ ತಿಳಿದಿದೆ. ಇದನ್ನೇ ನಾಲ್ಕು ಮನೆಗೆ ಮಾರಿದರೆ ಹೇಗೆ? ಪ್ರಶ್ನೆಯು ಸಹಜವಾದುದು, ಗೌರವಕ್ಕೆ ಪಾತ್ರವಾದುದು. ಆದರೆ ಕಷ್ಟಪಟ್ಟು ಕೂಡಿಟ್ಟ ಹಣದ ಮಾತಾದುದರಿಂದ ಉತ್ತರವನ್ನು ಲೆಕ್ಕವಿಟ್ಟು ಹೇಳಬೇಕಾಗುತ್ತದೆ.

ಇಂತಹ ಸಂದರ್ಭದಲ್ಲಿ ಎಲ್ಲರೂ ಮುಂಬಯಿಯ ಲಿಜ್ಜತ್ ಹಪ್ಪಳದ ಉದಾಹರಣೆಯನ್ನು ಕೊಡುವುದುಂಟು. 1959ರ ಮಾರ್ಚ್ 15ರಂದು ಗಿರಗಾಂವದಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ತಾವಿದ್ದ ಕಟ್ಟಡದ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸತೊಡಗಿದರು. ಮೊದಲ ದಿನ ಸಿದ್ಧವಾದುದು ನಾಲ್ಕೇ ಪೊಟ್ಟಣ. 1966ರಲ್ಲಿ ಅದು ಸಂಘವಾಗಿ ನೋಂದಣಿಯಾಯಿತು. ಮುಂದೆ ಸಾವಿರಾರು ಮಹಿಳೆಯರಿಗೆ ಅನ್ನದ ದಾರಿಯಾಯಿತು. ಈ ಕಥೆಯಲ್ಲಿ 80 ರೂಪಾಯಿಯನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅಲ್ಲಿ ಲಟ್ಟಿಸಿದ ಹಪ್ಪಳವನ್ನು ತೂಗಿ, ತೂಕಕ್ಕೆ ತಕ್ಕ ಕೂಲಿಯನ್ನು ಆಯಾ ಸದಸ್ಯೆಗೆ ಕೊಡುತ್ತಾರೆ. ಹೆಂಗಸಿನ ದುಡಿಮೆಗೆ ಅಲ್ಲಿ ಬೆಲೆಯುಂಟು.

ನಮ್ಮವರ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇದೊಂದೇ ಬಾಬತ್ತು. ಉದಾಹರಣೆಗಾಗಿ ಒಂದು ಲೆಕ್ಕವನ್ನು ಊಹಿಸಿಕೊಳ್ಳೋಣ. ಹತ್ತು ಕಿಲೋ ಚಕ್ಕುಲಿಗೆ ಹಿಟ್ಟು, ಎಣ್ಣೆ, ಗ್ಯಾಸು, ಪೊಟ್ಟಣ, ಓಡಾಟ ಎಲ್ಲವೂ ಸೇರಿ 2,000 ರೂಪಾಯಿ ಖರ್ಚಾಯಿತೆನ್ನೋಣ. ಕಿಲೋಗೆ 280 ರೂಪಾಯಿಯಂತೆ ಮಾರಿದರೆ 2,800 ಬರುತ್ತದೆ. 800 ರೂಪಾಯಿ ಲಾಭವೆಂದು ಮನೆಯವರು ಹಿಗ್ಗುತ್ತಾರೆ. ಆದರೆ ಇಬ್ಬರು ಎಂಟೆಂಟು ಗಂಟೆ ಒಲೆಯ ಮುಂದೆ ಬೆಂದಿದ್ದಾರೆ. ಗಂಟೆಗೆ 50 ರೂಪಾಯಿ ಕೂಲಿ ಬಿದ್ದಂತಾಯಿತು, ಅಷ್ಟೆ. ಒಂದು ಕಿಲೋ ಮುರಿದು ಪುಡಿಯಾದರೆ ಉಳಿಯುವುದು 520. ಇನ್ನೊಂದು ಕಿಲೋದ ಹಣ ಉದ್ರಿಯಲ್ಲಿ ಸಿಕ್ಕಿಕೊಂಡರೆ 240. ಎಂದರೆ ಗಂಟೆಗೆ ಹದಿನೈದೇ ರೂಪಾಯಿ! ಗೃಹಿಣಿಯ ಕೂಲಿಯನ್ನು ಬರೆಯದ ಲೆಕ್ಕವು ಸುಳ್ಳು ಲೆಕ್ಕವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಆಕೆಯ ಒಪ್ಪಿಗೆಯನ್ನೂ ಆರೋಗ್ಯವನ್ನೂ ಕೇಳದೆ ಯಜಮಾನನೊಬ್ಬನೇ ನಿಶ್ಚಯಿಸುವುದು ನ್ಯಾಯವೂ ಅಲ್ಲ.

ಉದ್ರಿಯ ವಿಷಯದಲ್ಲಿ ಹೋಟೆಲಿನಲ್ಲಿ ದುಡಿಯುವ ಬಂಧುಗಳಿಗೆ ಬುದ್ಧಿ ಹೇಳಬೇಕಾದ ಅಗತ್ಯವಿಲ್ಲ. ಗಲ್ಲಾದ ಮೇಲೆ ಕುಳಿತವರ ಪಾಡನ್ನು ಅವರು ಕಣ್ಣಾರೆ ಕಂಡವರು. ಮನೆಯ ವ್ಯಾಪಾರದಲ್ಲಿ ಗಿರಾಕಿಗಳು ನೆರೆಹೊರೆಯವರೂ ಊರಿನವರೂ ಆಗಿರುವುದರಿಂದ ಹಣ ಕೇಳಲು ನಾಲಗೆ ಏಳದು. ಮೊದಲ ದಿನವೇ ರೊಕ್ಕದ ವ್ಯವಹಾರವೆಂದು ತಿಳಿಸಿಬಿಟ್ಟರೆ ಸ್ನೇಹವೂ ಉಳಿಯುತ್ತದೆ, ಬಂಡವಾಳವೂ ಉಳಿಯುತ್ತದೆ.

ಇನ್ನು ಕಾಯಿದೆಯ ಮಾತು. ಮನೆಯಲ್ಲಿ ಮಾಡಿದ ತಿಂಡಿಯೆಂದ ಮಾತ್ರಕ್ಕೆ 2006ರ ಆಹಾರ ಸುರಕ್ಷತೆಯ ಕಾಯಿದೆಯಿಂದ ವಿನಾಯತಿ ದೊರೆಯದು. 2011ರ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ತಯಾರಕರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕದ ಸರಳ ನೋಂದಣಿಯನ್ನು ಗೊತ್ತುಮಾಡಿದವು. ಇಂತಹ ಮಿತಿಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು. ಮನೆಬಳಕೆಯ 14.2 ಕಿಲೋ ಗ್ಯಾಸ್ ಸಿಲಿಂಡರನ್ನು ವ್ಯಾಪಾರದ ಅಡುಗೆಗೆ ಹಚ್ಚುವಂತಿಲ್ಲ. ವ್ಯಾಪಾರದ ಸಿಲಿಂಡರಿನ ಬೆಲೆಯನ್ನೇ ಖರ್ಚಿನಲ್ಲಿ ಹಿಡಿಯಬೇಕು. ಬಾಡಿಗೆ ಮನೆಯಾದರೆ ಮಾಲಿಕರನ್ನೂ, ಸೊಸೈಟಿಯ ಮನೆಯಾದರೆ ಸೊಸೈಟಿಯವರನ್ನೂ ಮೊದಲೇ ಕೇಳಿಕೊಳ್ಳಬೇಕು. ಕೇಂದ್ರ ಸರಕಾರದ ಕಚೇರಿಗಳಲ್ಲಿರುವ ಗುಮಾಸ್ತರು 1964ರ ನಡತೆಯ ನಿಯಮಗಳನ್ನು ಮರೆಯಬಾರದು: ಪೂರ್ವಾನುಮತಿಯಿಲ್ಲದೆ ತಾವು ವ್ಯಾಪಾರಕ್ಕಿಳಿಯುವಂತಿಲ್ಲ, ಮನೆಯವರು ವ್ಯಾಪಾರ ನಡೆಸಿದರೂ ಅದನ್ನು ಕಚೇರಿಗೆ ತಿಳಿಸತಕ್ಕದ್ದು.

ಬಂಡವಾಳಕ್ಕೆ ಏನು ಮಾಡುವುದು? 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50,000 ರೂಪಾಯಿಗಳವರೆಗೆ ಒತ್ತೆಯಿಲ್ಲದ ಸಾಲವುಂಟು. ಆದರೆ ಚಕ್ಕುಲಿ ಮಾರಿದರೂ ಮಾರದಿದ್ದರೂ ಸಾಲದ ಕಂತು ತಪ್ಪದು. ಈ ವಿಷಯದಲ್ಲಿ ನಮ್ಮ ಉಡುಪಿಯೇ ಹಿಂದೊಮ್ಮೆ ಒಳ್ಳೆಯ ಮಾರ್ಗ ತೋರಿಸಿಕೊಟ್ಟಿದೆ. 1925ರಲ್ಲಿ ನೇಕಾರರ ನೆರವಿಗಾಗಿ ಅಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸಿತು. ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಅದು ಕಲಿಸಿದ ಪಾಠಕ್ಕೆ ಮುಪ್ಪಿಲ್ಲ. ಆರು ತಿಂಗಳು ದಿನದಿನವೂ ಉಳಿಸಿದ ಹಣದಿಂದ ಆರಂಭವಾದ ಉದ್ಯೋಗವು ಬಿದ್ದರೂ ಸಂಸಾರವು ಬೀಳದು. ಭವಿಷ್ಯನಿಧಿಗೂ ಮಗಳ ಮದುವೆಗೆಂದಿಟ್ಟ ಚಿನ್ನಕ್ಕೂ ಕೈಹಚ್ಚಬಾರದು.

ಹಾಗಾದರೆ ಆರಂಭಿಸಬೇಕೇ, ಬೇಡವೇ? ನಮ್ಮ ಸಲಹೆ ಇಷ್ಟು: ನೌಕರಿಯನ್ನು ಬಿಡದೆ, ಒಂದೇ ಪದಾರ್ಥವನ್ನು ಆರಿಸಿಕೊಂಡು ಮೂರು ತಿಂಗಳು ನಡೆಸಿ ನೋಡಿರಿ. ಕಳೆದರೂ ತಡೆದುಕೊಳ್ಳಬಲ್ಲ ಮೊತ್ತವನ್ನು ಮೊದಲೇ ಬರೆದಿಡಿರಿ. ಅದು ಮುಗಿದ ದಿನ ನಿಲ್ಲಿಸಿರಿ. ಮನೆಯಾಕೆಯ ಕೂಲಿಯನ್ನು ಕಳೆದೂ ಮೂರು ತಿಂಗಳ ಕೊನೆಗೆ ಏನಾದರೂ ಉಳಿದಿದ್ದರೆ, ಗಿರಾಕಿಗಳು ತಾವಾಗಿ ಮರಳಿ ಬರುತ್ತಿದ್ದರೆ, ಧೈರ್ಯವಾಗಿ ಮುಂದುವರಿಸಿರಿ. ಉಳಿಯದಿದ್ದರೆ ನಿಲ್ಲಿಸುವುದರಲ್ಲಿ ಅವಮಾನವೇನೂ ಇಲ್ಲ. ಅಷ್ಟು ಹಣ ತೆತ್ತು ಒಂದು ವಿದ್ಯೆಯನ್ನು ಕಲಿತಂತಾಯಿತು. ಹಾಸಿಗೆಯಿದ್ದಷ್ಟು ಕಾಲು ಚಾಚೆಂದ ಹಿರಿಯರು ಹಾಸಿಗೆಯನ್ನು ದೊಡ್ಡದು ಮಾಡಬಾರದೆಂದು ಎಲ್ಲಿಯೂ ಹೇಳಿಲ್ಲ. ಅಳೆದು ನೋಡಿ ಹೊಲಿಯಬೇಕು, ಅಷ್ಟೆ.