ಚಂದ್ರಿ ಓಡಾಡಿದ ಕೇರಿಯಲ್ಲಿ

ಬಸರೀಕಟ್ಟೆಯಿಂದ ಶೃಂಗೇರಿಗೆ ಜಯಪುರದ ಮೇಲೆ ಹೋಗುವುದು ಅನುಕೂಲ. ಬಸ್ಸಿನ ಎರಡೂ ಬದಿ ಕಾಫಿ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಅಡಿಕೆ ತೋಟ. ಕೊನೆ ಕೊಯ್ಲಿನ ಕಾಲವಾದ್ದರಿಂದ ಅಲ್ಲಲ್ಲಿ ಅಡಿಕೆ ಬೇಯಿಸುವ ಹಂಡೆಗಳಿಂದ ಹೊಗೆ ಏಳುತ್ತಿತ್ತು, ಚೊಗರಿನ ವಾಸನೆ ಕಿಟಕಿಯೊಳಗೆ ಬರುತ್ತಿತ್ತು. ಶೃಂಗೇರಿಯಲ್ಲಿ ಇಳಿದವರೆಲ್ಲ ದೇವಸ್ಥಾನದ ಕಡೆ ಹೊರಟರು. ನಾನು ಹೊರಟದ್ದು ಅಲ್ಲಿಗೆ ಹತ್ತಿರದ ಒಂದು ಅಗ್ರಹಾರಕ್ಕೆ.

1970ರ ‘ಸಂಸ್ಕಾರ’ ಚಿತ್ರ ತೆಗೆದದ್ದು ಈ ಸೀಮೆಯಲ್ಲೇ ಎಂದು ನಮ್ಮ ಕಡೆ ಬಹಳ ಮಂದಿಗೆ ಗೊತ್ತು. ಹೋಗಿ ನೋಡಿದವರು ಕಡಿಮೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿ ಸಂಸಾರಗಳು ಬಾಳುವೆ ಮಾಡಿಕೊಂಡಿವೆ, ಜಗಲಿ ಹತ್ತಿ ಫೋಟೊ ಹೊಡೆಯುವವರಿಂದ ಅವರಿಗೆ ಉಪಕಾರವೇನೂ ಇಲ್ಲ. ನನ್ನನ್ನು ಅಲ್ಲಿಗೆ ಎಳೆದದ್ದು ಸಿನಿಮಾ ಒಂದೇ ಅಲ್ಲ. ಇಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ಆರು ವರ್ಷಗಳ ಬಳಿಕ ಜೈಲು ಸೇರಿದರು, ಅಲ್ಲಿಂದ ಹೊರಬಂದ ಐದೇ ದಿನಕ್ಕೆ ತೀರಿಕೊಂಡರು. ಅವರ ಮನೆಯವರೂ ಗೆಳೆಯರೂ ಆಮೇಲೆ ಹೇಗೆ ಬದುಕಿದರು ಎಂಬ ವಿಚಾರ ಬಹಳ ದಿನದಿಂದ ನನ್ನ ತಲೆಯಲ್ಲಿದೆ. ಕಥೆ ಶುರುವಾದ ಕಡೆಯಿಂದ ಅದನ್ನು ನೋಡಬೇಕು ಅನ್ನಿಸಿತ್ತು.

ಡಾಂಬರು ರಸ್ತೆ ಬಿಟ್ಟ ಕೂಡಲೇ ಒಂದು ತಿರುವು, ಅದರಾಚೆ ಒಂದು ಸಣ್ಣ ಇಳಿಜಾರು. ಮಳೆಗಾಲದ ಪಾಚಿ ಕಲ್ಲಿನ ಮೇಲೆ ಇನ್ನೂ ಉಳಿದಿದ್ದರಿಂದ ಕಾಲು ನೋಡಿ ಇಡಬೇಕಾಯಿತು. ಇಳಿದು ತಲೆ ಎತ್ತಿದರೆ ಕೇರಿ ಎದುರಿಗೇ ಇದೆ. ಹಂಚಿನ ಮಾಡು, ಮುಂದೆ ಉದ್ದದ ಜಗಲಿ, ಜಗಲಿಗೆ ಮರದ ಕಂಬ. ನಡುನಡುವೆ ಹೊಸ ಕಾಲದ ತಾರಸಿ ಮನೆ, ಅದರ ನೆತ್ತಿಯ ಮೇಲೆ ಡಿಶ್ ಆ್ಯಂಟೆನಾ.

ಯಾವ ಜಗಲಿ ಚಿತ್ರದ ಪಂಡಿತ ಪ್ರಾಣೇಶಾಚಾರ್ಯರದ್ದು, ಯಾವುದು ನಾರಣಪ್ಪನದ್ದು? ಹೊರಡುವ ಹಿಂದಿನ ರಾತ್ರಿ ಚಿತ್ರವನ್ನು ಮತ್ತೊಮ್ಮೆ ನೋಡಿಕೊಂಡು ಬಂದಿದ್ದೆ. ಆದರೂ ಗುರುತು ಹತ್ತಲಿಲ್ಲ. ಒಂದು ಮನೆಯ ಕಂಬಗಳನ್ನು ಕಂಡು ಇದೇ ಇರಬೇಕು ಅಂದುಕೊಂಡೆ, ನಾಲ್ಕು ಹೆಜ್ಜೆ ಮುಂದೆ ಅಂಥವೇ ಕಂಬಗಳ ಇನ್ನೊಂದು ಮನೆ ಬಂತು. ಕಪ್ಪುಬಿಳುಪಿನಲ್ಲಿ ಕಂಡ ಕೇರಿಯನ್ನು ಹಸಿರಿನ ನಡುವೆ ಹುಡುಕುವುದು ಕಷ್ಟ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಿದೆ, ಮನೆಗಳು ಬದಲಾಗಿರಲೂ ಸಾಕು.

ಕೇರಿಯ ಮಧ್ಯದಲ್ಲಿ ನಿಂತಾಗ ಆ ತಂಡ ನೆನಪಾಯಿತು. ಹೆಚ್ಚಿನವರು ಸಿನಿಮಾ ಕಸುಬಿನವರಲ್ಲ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನವರು, ಹರೆಯದಲ್ಲೇ ತೆಲುಗಿನಲ್ಲಿ ಹೊಸ ರೀತಿಯ ಕವಿತೆ ಬರೆದು ಹೆಸರಾದವರು. ಕಾದಂಬರಿ ಮೇಳಿಗೆಯ ಯು.ಆರ್. ಅನಂತಮೂರ್ತಿಯವರದು, 1965ರದ್ದು. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾದವರು ಗಿರೀಶ ಕಾರ್ನಾಡ, ನಾರಣಪ್ಪನಾದವರು ಪಿ. ಲಂಕೇಶ್. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು, ಕಲಾ ನಿರ್ದೇಶನ ಎಸ್.ಜಿ. ವಾಸುದೇವ್ ಅವರದು, ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್ ಅವರದು. ಪಟ್ಟಾಭಿಯವರ ಹೆಂಡತಿ ಸ್ನೇಹಲತಾ ಮದ್ರಾಸಿನ ರಂಗಭೂಮಿಯಲ್ಲಿ ಪಳಗಿದವರು. ಗಂಡಹೆಂಡಿರಿಬ್ಬರೂ ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಒಲಿದವರು. ಒಂದೇ ಜಗಲಿಯಲ್ಲಿ ಕೂತು ರಾತ್ರಿಯಿಡೀ ವಾದಿಸಬಲ್ಲ ಜನ ಇವರೆಲ್ಲ. ಇಂಥವರು ಒಟ್ಟಿಗೆ ಸೇರಿದ್ದು ಸ್ನೇಹದ ಬಲದಿಂದಲೇ ಇರಬೇಕು. ಬರೀ ಸಂಬಳಕ್ಕೆ ಆಗುವ ಕೆಲಸ ಅದಲ್ಲ.

ಕೇರಿಯ ಕೊನೆಯಲ್ಲಿ ಒಂದು ಚಿಕ್ಕ ಗುಡಿ. ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಯಾರೋ ಬಿಟ್ಟು ಹೋದ ಕೇಪಳ ಹೂವು, ಪಕ್ಕದಲ್ಲಿ ಬಾಡಿದ ತುಳಸಿ. ನೆರಳಿತ್ತು, ಸ್ವಲ್ಪ ಹೊತ್ತು ಕೂತೆ.

ಕಾದಂಬರಿ ಓದಿದವರಿಗೆ ಕಥೆ ಗೊತ್ತೇ ಇದೆ. ಆಚಾರ ಬಿಟ್ಟ ನಾರಣಪ್ಪ ಪ್ಲೇಗಿನಿಂದ ಸಾಯುತ್ತಾನೆ. ಹೆಣದ ಸಂಸ್ಕಾರ ಯಾರು ಮಾಡಬೇಕು ಎಂದು ಅಗ್ರಹಾರ ತೀರ್ಮಾನಿಸದೆ ಕೂರುತ್ತದೆ. ಅವನೊಂದಿಗೆ ಬಾಳಿದ ಚಂದ್ರಿ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಮುಂದಿಡುತ್ತಾಳೆ. ಆಗ ಜಗಳ ಇನ್ನೂ ಹೆಚ್ಚುತ್ತದೆ. ಕೊನೆಗೆ ಕತ್ತಲಲ್ಲಿ ಅವಳ ಜೊತೆ ಬಂದು ಹೆಣ ಸುಡಲು ನೆರವಾಗುವವನು ಮೀನು ವ್ಯಾಪಾರದ ಅಹ್ಮದ್ ಬ್ಯಾರಿ. ಊರು ಬೇಡವೆಂದು ಬಿಟ್ಟ ಮನೆಯ ಬಾಗಿಲಿಗೆ ಯಾರು ಬರುತ್ತಾರೆ? ನನ್ನ ಮಟ್ಟಿಗೆ ಆ ಕಾದಂಬರಿಯ ಪ್ರಶ್ನೆ ಇದು. ಅದೇ ಪ್ರಶ್ನೆ ಚಿತ್ರ ಮಾಡಿದವರ ಮನೆಗೇ ಬಂತು.

ಮೊದಲ ಏಟು ಬೇಗನೇ ಬಿತ್ತು. ಚಿತ್ರ ತೋರಿಸಿದರೆ ಜಾತಿಗಳ ನಡುವೆ ಕದಡಾಟವಾದೀತು ಎಂಬ ಅಂಜಿಕೆಯಿಂದ ಮದ್ರಾಸಿನ ಸೆನ್ಸಾರ್ ಮಂಡಳಿ ಅದನ್ನು ತಡೆಯಿತು. ಆಮೇಲೆ ಕೇಂದ್ರ ಸರ್ಕಾರದ ಮಟ್ಟದಲ್ಲಿ ತಡೆ ತೆರವಾಯಿತು. ಆ ವರ್ಷದ ಶ್ರೇಷ್ಠ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಮೊದಲ ಸಲ ಕನ್ನಡಕ್ಕೆ ಬಂದದ್ದು ಇದೇ ಚಿತ್ರದಿಂದ. ಬೇಡವೆಂದವರೇ ಮೆರವಣಿಗೆ ಮಾಡಿದ ಹಾಗಾಯಿತು. ಆದರೆ ತಂಡಕ್ಕೆ ಬಿದ್ದ ಏಟುಗಳಲ್ಲಿ ಈ ತಡೆ ಸಣ್ಣದು.

ಗುಡಿಯ ಹಿಂದಿನಿಂದ ಒಂದು ಕಾಲುದಾರಿ ಹೊಳೆಗೆ ಇಳಿಯುತ್ತದೆ. ಒದ್ದೆ ತರಗೆಲೆ, ಅಡಿಕೆ ಹಾಳೆ, ಒಂದೆರಡು ಕಡೆ ಕಾಡುಹಂದಿ ಕೆದಕಿದ ಮಣ್ಣು. ಕಲ್ಲಿನ ಮೆಟ್ಟಿಲುಗಳ ಕೆಳಗಿನವು ನೀರಲ್ಲಿ ಮುಳುಗಿದ್ದವು. ನೀರು ತಿಳಿಯಾಗಿತ್ತು, ಬೆರಳುದ್ದದ ಮೀನುಗಳು ಕಾಲಿನ ಹತ್ತಿರವೇ ಬಂದವು. ಚಂದ್ರಿ ನೀರಿಗೆ ಇಳಿದದ್ದು ಈ ಮೆಟ್ಟಿಲಲ್ಲಿಯೋ ಬೇರೆಲ್ಲೋ, ಅದನ್ನೂ ಗುರುತಿಸಲಾಗಲಿಲ್ಲ. ಜಾಗ ಇದೇ ಆಗಬೇಕು ಎಂಬ ಹಠ ಅಷ್ಟರಲ್ಲಿ ಬಿಟ್ಟಿತ್ತು. ಚಪ್ಪಲಿ ಕಳಚಿ ಕೂತೆ.

ಸ್ನೇಹಲತಾ ಮತ್ತು ಪಟ್ಟಾಭಿ ಮಂಗಳೂರಿನ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರಿಗೆ ಆಪ್ತರು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಜಾರ್ಜ್ ಭೂಗತರಾದರು. ಪೊಲೀಸರು ಅವರ ಸುಳಿವಿಗಾಗಿ ಒಡಹುಟ್ಟಿದವರನ್ನೂ ಗೆಳೆಯರನ್ನೂ ಬೆನ್ನಟ್ಟಿದರು. 1976ರ ಮೇ 1ರಂದು ಜಾರ್ಜ್ ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ತಾಯಿ ಆಲಿಸ್ ಸುಮ್ಮನೆ ಕೂರಲಿಲ್ಲ, ಮಗನಿಗೆ ಆದದ್ದನ್ನು ರಾಷ್ಟ್ರಪತಿಗೇ ಬರೆದು ತಿಳಿಸಿದರು. ಮೇ 2ರಂದು ಸ್ನೇಹಲತಾ ಅವರ ಬಂಧನವಾಯಿತು. ಜಾರ್ಜ್ ಮೇಲಿದ್ದ ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿದರು. ಕೊನೆಗೆ ಆರೋಪಪಟ್ಟಿ ಸಿದ್ಧವಾದಾಗ ಅದರಲ್ಲಿ ಸ್ನೇಹಲತಾ ಅವರ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ, ಮೀಸಾ ಕಾಯ್ದೆಯಡಿ ವಿಚಾರಣೆಯಿಲ್ಲದೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟುಕೊಂಡರು. ಎಂಟು ತಿಂಗಳು.

ಅವರಿಗೆ ಆಸ್ತಮಾ ಇತ್ತು. ಜೈಲಿನಲ್ಲಿ ಅದು ಕೆರಳಿತು, ತಕ್ಕ ಚಿಕಿತ್ಸೆ ಸಿಗಲಿಲ್ಲ. ಅದೇ ಜೈಲಿನಲ್ಲಿದ್ದ ಸಮಾಜವಾದಿ ಧುರೀಣ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಸ್ನೇಹಲತಾ ಚೀರುವುದು ತಮಗೆ ಕೇಳಿಸುತ್ತಿತ್ತೆಂದು ಮುಂದೆ ಬರೆದಿದ್ದಾರೆ. ಅಂಥ ಸ್ಥಿತಿಯಲ್ಲೂ ಈ ಹೆಂಗಸು ಜೊತೆಯ ಕೈದಿಗಳಿಗೆ ಹಾಡು, ಆಟ, ನಾಟಕ ಹೇಳಿಕೊಟ್ಟರು. ಬಡ ಹೆಂಗಸರಿಗೆ ಬೀಳುತ್ತಿದ್ದ ಹೊಡೆತ ನಿಲ್ಲಬೇಕು, ಊಟ ಸುಧಾರಿಸಬೇಕು ಎಂದು ಉಪವಾಸ ಕೂತರು. ದಿನಚರಿ ಬರೆದಿಟ್ಟರು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಗೆ ಬಿಟ್ಟರು. 18ರಂದು ಚುನಾವಣೆಯ ಘೋಷಣೆಯಾಯಿತು. 20ರಂದು ಸ್ನೇಹಲತಾ ಇಲ್ಲ.

ಈ ತಾರೀಖುಗಳನ್ನು ಎಷ್ಟು ಸಲ ಓದಿದರೂ ನನಗೆ ಸಮಾಧಾನವಾಗುವುದಿಲ್ಲ. ಉಳಿದವರಿಗೆಲ್ಲ ಬಾಗಿಲು ತೆರೆಯುವ ಹೊತ್ತಿಗೆ ಅವರ ಉಸಿರು ಮುಗಿದಿತ್ತು. ಅಷ್ಟರಲ್ಲಿ ಸಿಕ್ಕಿಬಿದ್ದಿದ್ದ ಗೆಳೆಯ ಜಾರ್ಜ್ ಆ ಚುನಾವಣೆಯಲ್ಲಿ ಸೆರೆಯಲ್ಲಿದ್ದುಕೊಂಡೇ ಮುಜಫರಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದು ಮಂತ್ರಿಯಾದರು. ಬರೋಡಾ ಪ್ರಕರಣವನ್ನು ಹೊಸ ಸರ್ಕಾರ ಹಿಂತೆಗೆದುಕೊಂಡಿತು.

ಇಲ್ಲಿ ಕೂತು ಯೋಚಿಸುವವರಿಗೆ ಇನ್ನೊಂದು ಸಂಗತಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ತುರ್ತು ಪರಿಸ್ಥಿತಿ ಹೇರಿದ್ದ ಇಂದಿರಾ ಗಾಂಧಿ 1978ರ ನವೆಂಬರ್‌ನಲ್ಲಿ ಮತ್ತೆ ಲೋಕಸಭೆಗೆ ಹೋದದ್ದು ನಮ್ಮ ಚಿಕ್ಕಮಗಳೂರು ಕ್ಷೇತ್ರದಿಂದ. ಹಿಂದಿನ ವರ್ಷವಷ್ಟೇ ಗೆದ್ದಿದ್ದ ಡಿ.ಬಿ. ಚಂದ್ರೇಗೌಡರು, ಸೋತು ಕೂತಿದ್ದ ನಾಯಕಿಗೆ ತಮ್ಮ ಸ್ಥಾನ ಬಿಟ್ಟುಕೊಟ್ಟರು. ಎದುರಿಗೆ ನಿಂತ ವೀರೇಂದ್ರ ಪಾಟೀಲರ ಪರ ಪ್ರಚಾರಕ್ಕೆ ಬಂದವರಲ್ಲಿ ಜಾರ್ಜ್ ಫರ್ನಾಂಡಿಸ್ ಇದ್ದರು. ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿ ಕೆಲವು ದಿನ ತಿಹಾರ್ ಜೈಲಿಗೂ ಕಳಿಸಿತು. ಸ್ನೇಹಲತಾ ತೀರಿಕೊಂಡು ಎರಡು ವರ್ಷ ತುಂಬುವ ಮೊದಲೇ ನಮ್ಮ ಸೀಮೆ ಹೀಗೆ ಮತ ಹಾಕಿತು. ಅದನ್ನು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಬಡವರ ಮನೆಯಲ್ಲಿ ಆಕೆಯ ಮೇಲಿದ್ದ ಅಕ್ಕರೆ ನಿಜವಾದದ್ದು, ಕಷ್ಟದಲ್ಲಿದ್ದವರ ಕೈಹಿಡಿದ ಚಂದ್ರೇಗೌಡರ ನಡೆಯೂ ಸ್ನೇಹದ್ದೇ. ಆದರೆ ಸ್ನೇಹಲತಾ ಅವರನ್ನು ನಾವು ಅಷ್ಟು ಬೇಗ ಮರೆಯಬಾರದಿತ್ತು ಎಂದು ಮಾತ್ರ ಖಂಡಿತ ಹೇಳುತ್ತೇನೆ.

ಹೊಳೆಯಿಂದ ಮೇಲೆ ಬರುವಾಗ ಬೇರೆ ದಾರಿ ಹಿಡಿದೆ. ಅಡಿಕೆ ಮರದ ಸಂಕ ದಾಟಿ, ತೋಟದ ಬದಿಯಲ್ಲಿ ಹತ್ತಿ, ಒಂದು ಮನೆಯ ಹಿತ್ತಿಲಿಗೆ ಬಂದು ಮುಟ್ಟಿದೆ. ಚಪ್ಪರದಡಿ ಹಸಿ ಅಡಿಕೆ ರಾಶಿ. ವಯಸ್ಸಾದ ಅಮ್ಮ ಒಬ್ಬರು ಮೆಟ್ಟುಗತ್ತಿಯ ಮಣೆಯ ಮೇಲೆ ಕೂತು ಸುಲಿಯುತ್ತಿದ್ದರು. ಕಾಯಿಯನ್ನು ಅಲಗಿಗೆ ಒತ್ತುವುದು, ತಿರುಗಿಸುವುದು, ಸಿಪ್ಪೆ ಒಂದು ಕಡೆ, ಅಡಿಕೆ ಬುಟ್ಟಿಗೆ. ಹೆಬ್ಬೆರಳಿಗೆ ಬಟ್ಟೆಯ ಚಿಂದಿ ಸುತ್ತಿತ್ತು, ಬೆರಳ ಸಂದುಗಳೆಲ್ಲ ಕಪ್ಪು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.

“ಸಿನಿಮಾ ತೆಗ್ದ ಜಾಗ ನೋಡೋಕೆ ಬಂದವ್ರಾ?”

“ಹೌದಮ್ಮ. ಬಸರೀಕಟ್ಟೆ ಬದಿಯವನು.”

“ಹಾಗಾದ್ರೆ ನಮ್ಮವ್ರೇ. ಕೂತ್ಕೊಳಿ. ಆಸ್ರಿಗೆ ಏನು ಕೊಡ್ಲಿ?”

ಅವರು ಈ ಊರಿಗೆ ಮದುವೆಯಾಗಿ ಬಂದದ್ದು ಚಿತ್ರೀಕರಣ ಮುಗಿದು ಎಷ್ಟೋ ಕಾಲದ ಮೇಲೆ. ಟೀವಿಯಲ್ಲಿ ಯಾವಾಗಲೋ ಅರ್ಧ ನೋಡಿದ್ದಾರಂತೆ. ಚಂದ್ರಿಯ ಮುಖ ನೆನಪಿದೆ ಅಂದರು. ಆಕೆ ಜೈಲಿಗೆ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಮಜ್ಜಿಗೆ ಕುಡಿಯುತ್ತ ಹೇಳಿದೆ. ಎಂಟು ತಿಂಗಳು ಅಂದಾಗ ಮೊದಲ ಸಲ ಅವರ ಕೈ ನಿಂತಿತು.

“ಉಬ್ಸ ಇದ್ದವ್ರನ್ನ ಹಾಗೆ ಕೂಡಿ ಹಾಕೋದಾ? ನಮ್ಮನೇಲೂ ಉಬ್ಸ ಇದ್ದವ್ರಿದ್ರು. ರಾತ್ರಿ ಇಡೀ ಬೆನ್ನು ತಿಕ್ತಾ ಕೂತ್ಕೋಬೇಕು. ಗಂಡ ಏನು ಮಾಡಿದ್ರು ಆಮೇಲೆ?”

ಗಂಡ ಮೂಲೆ ಹಿಡಿಯಲಿಲ್ಲ ಎಂದೆ. ಆ ದಿನಚರಿ 1977ರಲ್ಲೇ ಪುಸ್ತಕವಾಯಿತು. ಅದೇ ವರ್ಷ ಪಟ್ಟಾಭಿಯವರ ‘ಚಂಡಮಾರುತ’ ಬಂತು, ತುರ್ತು ಪರಿಸ್ಥಿತಿಯ ರಾಜಕೀಯದ ಚಿತ್ರ. ಅದಕ್ಕೆ ಆಧಾರ ಲಂಕೇಶರ ನಾಟಕ. ಈ ಕೇರಿಯಲ್ಲಿ ನಾರಣಪ್ಪನಾಗಿದ್ದ ಗೆಳೆಯನ ಬರಹವನ್ನೇ ಪಟ್ಟಾಭಿ ಕೈಗೆತ್ತಿಕೊಂಡಿದ್ದರು ಎಂಬುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಮುಂದೆ ‘ಶೃಂಗಾರ ಮಾಸ’, 1993ರಲ್ಲಿ ‘ದೇವರ ಕಾಡು’. 2006ರಲ್ಲಿ ತೀರಿಕೊಳ್ಳುವ ತನಕ ಅವರು ಬೆಂಗಳೂರಿನ ಎಳೆಯ ಕಲಾವಿದರಿಗೂ ಹೋರಾಟಗಾರರಿಗೂ ಹಿರಿಯ ಗೆಳೆಯರಾಗಿಯೇ ಇದ್ದರು.

“ಮಕ್ಕಳು?”

ಮಗ ಕೋನಾರ್ಕ್ ಗಿಟಾರ್ ನುಡಿಸುವುದರಲ್ಲಿ ಹೆಸರು ಮಾಡಿದವರು. ಮಗಳು ನಂದನಾ ಕಾರ್ಮಿಕ ಸಂಘಟನೆಯಿಂದ ಹೊರಟು, ಹೋಟೆಲು, ಗ್ಯಾರೇಜುಗಳಲ್ಲಿ ದುಡಿಯುವ ಮಕ್ಕಳ ಕಡೆ ತಿರುಗಿದರು. ಆ ಮಕ್ಕಳು ತಮ್ಮದೇ ‘ಭೀಮ ಸಂಘ’ ಕಟ್ಟಿಕೊಳ್ಳಲು ಬೆನ್ನಿಗೆ ನಿಂತವರಲ್ಲಿ ಅವರು ಮುಖ್ಯರು. ತಾಯಿ ಜೈಲಿನಲ್ಲಿ ಹೆಂಗಸರನ್ನು ಕೂಡಿಸಿಕೊಂಡು ಮಾಡಿದ ಕೆಲಸವನ್ನೇ ಮಗಳು ಹೊರಗೆ ಮಕ್ಕಳ ನಡುವೆ ಮಾಡಿದರು ಅಂತ ನಾನು ಅಂದುಕೊಳ್ಳುತ್ತೇನೆ. ಅವರು ಹಾಗೆಂದು ಹೇಳಿದ್ದಲ್ಲ, ಇದು ನನ್ನ ಲೆಕ್ಕ. ಆ ಮಕ್ಕಳು ಕಸುಬು ಕಲಿಯಲು ‘ನಮ್ಮ ಭೂಮಿ’ ಎಂಬ ಜಾಗ ಕುಂದಾಪುರದ ಹತ್ತಿರ ಎದ್ದಿದೆ ಎಂದೆ.

“ಕುಂದಾಪುರನಾ? ಆಗುಂಬೆ ಘಾಟಿ ಇಳಿದ್ರೆ ಆಯ್ತಲ್ಲ! ಇಷ್ಟು ಹತ್ರ ಇದ್ದೂ ನಮಗೆ ಗೊತ್ತೇ ಇಲ್ಲ ನೋಡಿ.” ಅಮ್ಮ ಒಳಗಿದ್ದ ಮೊಮ್ಮಗಳನ್ನು ಕರೆದರು. “ಇವ್ರು ಹೇಳ್ತಿದಾರಲ್ಲ, ಆ ಚಂದ್ರಿ ಮಾಡಿದವ್ರ ಹೆಸ್ರು ಬರ್ಕೋ. ಸಿನಿಮಾ ಪೂರ್ತಿ ಹಾಕಿ ತೋರ್ಸು ನಂಗೆ, ಸುಲಿತ ಮುಗಿದ ಮೇಲೆ.”

ಹುಡುಗಿ ಮೊಬೈಲ್ ತಂದಳು. ‘ಸ್ನೇಹಲತಾ ರೆಡ್ಡಿ’ ಎಂದು ನಾನು ಬಿಡಿಸಿ ಹೇಳಿದೆ, ಅವಳು ಬರೆದುಕೊಂಡಳು. ಜೈಲಿನ ದಿನಚರಿಯೂ ಇದೆ, ಓದಬೇಕು ಅಂದೆ. “ಕನ್ನಡದಲ್ಲಿ ಸಿಗುತ್ತಾ?” ಎಂದು ಕೇಳಿದಳು. ವಿಚಾರಿಸಿ ಹೇಳುತ್ತೇನೆಂದು ಅವಳ ಅಜ್ಜಿಯ ಎದುರೇ ಮಾತು ಕೊಟ್ಟು ರಸ್ತೆಗೆ ಹತ್ತಿದೆ.